ಪುಷ್ಪಕದ ಇಂಜಿನು

ಊರು ಬಿಟ್ಟು ಮಹಾನಗರ ಸೇರಿದ ನಮ್ಮಂಥವರಿಗೆ ಒಂದು ಚಪಲವಿದೆ. ಮಕ್ಕಳು ನಮ್ಮತನವನ್ನು ಮರೆತಾರೆಂಬ ಹೆದರಿಕೆಯಿಂದ, ನಮ್ಮ ಹಿರಿಮೆಯನ್ನು ಒಂದಕ್ಕೆರಡಾಗಿ ಹೇಳುವುದು. ಅದರಿಂದ ನಾವು ಪಟ್ಟ ಪಾಡನ್ನು ಓದುಗರ ಮುಂದಿಡುತ್ತಿದ್ದೇವೆ.

ನಮ್ಮ ಮಗ ಗೆಳೆಯರೊಡನೆ ದಾಳ ಉರುಳಿಸಿ ಆಡುವ ಆಕಾಶನೌಕೆಯ ಆಟಕ್ಕೆ ಮರುಳಾಗಿದ್ದ. ಒಬ್ಬ ಕಪ್ತಾನ, ಒಬ್ಬ ಇಂಜಿನಿಯರು. ಇಲ್ಲದ ನೌಕೆಗೆ ಉದ್ದಗಲ, ವೇಗ, ಇಂಧನಗಳ ಲೆಕ್ಕವನ್ನೆಲ್ಲ ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದರು. ನಮಗೆ ಸುಮ್ಮನಿರಲಾಗಲಿಲ್ಲ. "ಇದೇನು ಮಹಾ! ನಮ್ಮವರು ಸಾವಿರಾರು ವರ್ಷಗಳ ಹಿಂದೆಯೇ ವಿಮಾನ ಹಾರಿಸಿದ್ದರು" ಎಂದು, ತಂದೆಯವರ ಪೆಟ್ಟಿಗೆಯಲ್ಲಿದ್ದ 'ವೈಮಾನಿಕ ಶಾಸ್ತ್ರ'ದ ಚಿತ್ರಗಳನ್ನು ತೋರಿಸಿದೆವು. ಅವನು ಅವನ್ನು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಯ್ದ.

ಸಂಜೆ ಮುಖ ಸಣ್ಣದು ಮಾಡಿಕೊಂಡು ಬಂದ. "ಇದು ಹೇಗೆ ಹಾರುತ್ತೆ ಅಂತ ಕೇಳಿದ್ರು. ನಂಗೆ ಹೇಳಕ್ಕೆ ಬರಲಿಲ್ಲ. ಎಲ್ಲಾ ನಕ್ಕರು. ನಿಮಗೆ ಗೊತ್ತಾ?"

ನಮಗೂ ಗೊತ್ತಿರಲಿಲ್ಲ. ಆಮೇಲೆ ಹುಡುಕಿ ಓದಿದೆವು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಹೇಳಿ ಬರೆಯಿಸಿದ ಗ್ರಂಥವದು. ಭರದ್ವಾಜ ಮಹರ್ಷಿಗಳದೆಂದು ಅವರ ನಂಬಿಕೆ. ಚಿತ್ರಗಳನ್ನು ಬರೆದವರು ಬೆಂಗಳೂರಿನ ಎಲ್ಲಪ್ಪನವರು. 1973ರಲ್ಲಿ ಮೈಸೂರಿನ ಜೋಸ್ಯರ್ ಅವರು ಇಂಗ್ಲಿಷಿಗೆ ತಂದರು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು, ಮುಕುಂದ, ದೇಶಪಾಂಡೆ, ನಾಗೇಂದ್ರ, ಪ್ರಭು, ಗೋವಿಂದರಾಜು, ಅದರಲ್ಲಿನ ಶಕುನ, ಸುಂದರ, ರುಕ್ಮ, ತ್ರಿಪುರ ವಿಮಾನಗಳನ್ನು ಪರಿಶೀಲಿಸಿ, ಇವು ಯಾವುವೂ ಹಾರಲಾರವು, ಗ್ರಂಥವು 1904ಕ್ಕಿಂತ ಹಳೆಯದಾಗಿರಲಾರದು ಎಂದು ತೀರ್ಮಾನಿಸಿದ್ದರು. ಮಗನಿಗೆ ಹೇಳಲು ನಾಚಿಕೆ, ತಂದೆಯವರಿಗೆ ಹೇಳಲು ಭಯ. ಸುಮ್ಮನಿದ್ದುಬಿಟ್ಟೆವು.

2019ರ ದಸರೆಗೆ ಎಲ್ಲರೂ ಕಾಶಿಗೆ ಹೋಗಿ ಅಸ್ಸಿಯಲ್ಲಿ ಇಳಿದುಕೊಂಡೆವು. ತುಲಸೀದಾಸರು ಬಾಳಿದ ಜಾಗ. ಅವರ ಹೆಸರಿನ ಘಾಟು ಪಕ್ಕದಲ್ಲೇ ಇದೆ. ಅಲ್ಲಿಯ ರಾಮಲೀಲೆ ಅವರೇ ಆರಂಭಿಸಿದ್ದೆಂದು ಪ್ರತೀತಿ. ಲೀಲೆಯ ರಾವಣನ ಪಟ್ಟಣವಿದ್ದುದರಿಂದ ಹತ್ತಿರದ ಬಡಾವಣೆಗೆ 'ಲಂಕಾ' ಎಂದೇ ಹೆಸರು ನಿಂತಿದೆಯಂತೆ. ಆಟೋದವನು "ಲಂಕಾ, ಲಂಕಾ" ಎಂದು ಕೂಗಿದ್ದೇ ತಡ, ಮಗ ಬಿದ್ದು ಬಿದ್ದು ನಕ್ಕ. "ತಾತ, ಸಮುದ್ರಾನೇ ದಾಟಬೇಕಾಗಿಲ್ಲ!"

ವಿಜಯದಶಮಿಯ ಮರುದಿನ ನಾಟಿ ಇಮಲಿಯ ಭರತ ಮಿಲಾಪಕ್ಕೆ ಹೋದೆವು. ಸೂರ್ಯ ಇಳಿಯುವ ಹೊತ್ತಿಗೆ ಅಣ್ಣತಮ್ಮಂದಿರು ಓಡಿಬಂದು ತಬ್ಬಿಕೊಳ್ಳುತ್ತಾರೆ. ಕೆಲವೇ ನಿಮಿಷ, ಅದಕ್ಕೇ ಲಕ್ಷಾಂತರ ಜನ. ಅವರ ಪುಷ್ಪಕ ವಿಮಾನವನ್ನು ಬಿಳಿ ಪಂಚೆ, ಕೆಂಪು ಮುಂಡಾಸಿನ ಯಾದವರು ಹೆಗಲ ಮೇಲೆ ಹೊತ್ತು ನಡೆಯುತ್ತಾರೆ.

"ತಾತ, ಇದರ ಇಂಜಿನ್ ಎಲ್ಲಿ?"

"ಕಾಣಲ್ವೇನೋ? ಅವರ ಹೆಗಲಲ್ಲಿದೆ" ಎಂದರು ತಂದೆಯವರು.

ಆ ರಾತ್ರಿ ಅಸ್ಸಿಯ ಮೆಟ್ಟಿಲ ಮೇಲೆ ಕುಳಿತಾಗ ಧೈರ್ಯ ಮಾಡಿ ಅವರಿಗೆ ಎಲ್ಲವನ್ನೂ ಹೇಳಿದೆವು. ಬಹಳ ಹೊತ್ತು ಗಂಗೆಯನ್ನೇ ನೋಡುತ್ತಿದ್ದರು. "ಮೊದಲೇ ಯಾಕೆ ಹೇಳಲಿಲ್ಲ? ಮಗು ನನ್ನಿಂದ ನಗೆಪಾಟಲಾಯಿತಲ್ಲ" ಎಂದರು. ಆಮೇಲೆ ಮೊಮ್ಮಗನನ್ನು ಹತ್ತಿರ ಕರೆದರು. "ಆ ಪಟ ನನ್ನದು ಕಣೋ. ಅದನ್ನ ನಿಜ ಅಂದುಕೊಂಡಿದ್ದೆ. ತಪ್ಪಾಯ್ತು. ಕಥೆ ಮಾತ್ರ ಹಳೇದು, ಕೇಳು." ಕುಬೇರನ ವಿಮಾನ, ಮನಸ್ಸಿನಂತೆ ಸಾಗುವುದು, ರಾವಣ ಕಸಿದುಕೊಂಡ, ರಾಮ ಅಯೋಧ್ಯೆ ಮುಟ್ಟಿದ ಕೂಡಲೇ ಕುಬೇರನಲ್ಲಿಗೆ ಹಿಂದಕ್ಕೆ ಕಳಿಸಿದ.

"ಅಷ್ಟು ಒಳ್ಳೇದನ್ನ ವಾಪಸ್ ಕೊಟ್ಟುಬಿಟ್ಟನಾ?"

"ತನ್ನದಲ್ಲವಲ್ಲಪ್ಪ."

ಊರಿಗೆ ಮರಳಿದ ಮೇಲೆ ಮಗನ ನೋಟುಪುಸ್ತಕದಲ್ಲಿ ಹೊಸದೊಂದು ನೌಕೆ ಕಂಡಿತು. ಸೊಟ್ಟ ಕನ್ನಡಕ್ಷರಗಳಲ್ಲಿ 'ಪುಷ್ಪಕ'. ಇಂಧನ: ಮನಸ್ಸು. ಒಡೆಯ: ಕುಬೇರ. ಅದಕ್ಕೆ ನಾವೇನೂ ಸೇರಿಸಲು ಹೋಗಲಿಲ್ಲ.