ಚಿಗರಿಯಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ

ಧಾರವಾಡದಲ್ಲಿ ಉಪನ್ಯಾಸ ಮುಗಿಸಿಕೊಂಡು ಹುಬ್ಬಳ್ಳಿಗೆ ಹೊರಡಲು ಅನುವಾಗಿದ್ದೆ. ಆತಿಥ್ಯ ನೀಡಿದ್ದ ಗೃಹಸ್ಥರು, "ಗುರುಗಳ, ಕಾರ್ ತಗಸ್ತೀನ್ರಿ. ನಿಮ್ಮನ್ನ ಬಸ್ಸಿಗೆ ಹತ್ತಿಸಿ ಕಳಿಸಿದ್ರ ಮಂದಿ ಏನಂದಾರು?" ಎಂದರು. ಅವರ ಮಾತಿನಲ್ಲಿದ್ದುದು ಭಕ್ತಿಯೇ. ಆದರೆ ನಮ್ಮ ನಗರಗಳ ಸಂಚಾರದ ಅರ್ಧ ಕಥೆ ಆ ಪ್ರಶ್ನೆಯಲ್ಲಿಯೇ ಅಡಗಿದೆ. ಹಲವು ವರ್ಷ ಅಂಥ ಕಾರುಗಳಲ್ಲಿ ಕುಳಿತು, ಅದನ್ನೇ ಮರ್ಯಾದೆಯೆಂದು ಭಾವಿಸಿದವನು ನಾನೂ ಹೌದು. ಪರಿಸರದ ವಿಷಯ ಭಾಷಣ ಮಾಡಿ ಕಾರಿನಲ್ಲಿ ಹಿಂದಿರುಗಿದ್ದೂ ಉಂಟು! ಅಂದು ಮಾತ್ರ ಚಿಗರಿಯಲ್ಲೇ ಹೋಗುವೆನೆಂದು ಹಟ ಹಿಡಿದೆ.

ಅವಳಿ ನಗರಗಳ ನಡುವೆ ಸುಮಾರು 22 ಕಿ.ಮೀ. ದಾರಿ. 2018ರಲ್ಲಿ ಓಡಾಟ ಆರಂಭಿಸಿದ ಚಿಗರಿ ಬಸ್ಸುಗಳಿಗೆ ಆ ದಾರಿಯ ಬಹುಭಾಗದಲ್ಲಿ ರಸ್ತೆಯ ನಡುವೆಯೇ ಪ್ರತ್ಯೇಕ ಪಥವಿದೆ. ನಿಲ್ದಾಣದ ಕಟ್ಟೆಯು ಬಸ್ಸಿನ ನೆಲಕ್ಕೆ ಸಮನಾಗಿರುವುದರಿಂದ ಮೊಣಕಾಲು ನೋವಿನ ನನ್ನಂಥವರು ಮೆಟ್ಟಿಲೇರಬೇಕಿಲ್ಲ. ನವಲೂರು, ರಾಯಾಪುರ, ನವನಗರಗಳು ಒಂದೊಂದಾಗಿ ಹಿಂದೆ ಸರಿದವು. ಪಕ್ಕದ ಪಥದಲ್ಲಿ ಒಬ್ಬೊಬ್ಬರೇ ಕುಳಿತ ಕಾರುಗಳ ಸಾಲು. ಕಾರು ಕೊಳ್ಳಲು ಕೊಟ್ಟ ಹಣ ಎಂದೋ ಕೈಬಿಟ್ಟಿರುತ್ತದೆ. ಬಸ್ಸಿನ ಟಿಕೆಟ್ಟಿನ ಹಣವನ್ನಾದರೋ ಈಗಲೇ ಎಣಿಸಿ ಕೊಡಬೇಕು. ಆದ್ದರಿಂದ ಮನಸ್ಸಿಗೆ ಬಸ್ಸೇ ದುಬಾರಿಯೆನಿಸುತ್ತದೆ. ಲೆಕ್ಕ ತಪ್ಪಲ್ಲವೆ? ಆದರೆ ಬೆಳಿಗ್ಗೆ ಎದ್ದು ಲೆಕ್ಕ ಹಾಕುವವರಾರು! ಕೈ ತಾನಾಗಿಯೇ ಕೀಲಿಕೈಯತ್ತ ಚಾಚುತ್ತದೆ.

ಪಕ್ಕದಲ್ಲಿ ಕುಳಿತಿದ್ದ ತಾಯಿಯೊಬ್ಬರು ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿರುವವರು. "ಮೊದಲ ಮಗ ಬೈಕ್ ಮ್ಯಾಲೆ ಬಿಡ್ತಿದ್ದಾರಿ. ಒಂದು ಹೋದ್ರ ಹಿಂದ ಇನ್ನೊಂದು ಬಸ್ ಬರ್ತದ ಅನ್ನೂದು ಖಾತ್ರಿ ಆದಮ್ಯಾಲೆ ಒಬ್ಬಾಕಿನ ಹೊಂಟೆ. ಆದ್ರ ನಿಲ್ದಾಣದಿಂದ ನಮ್ಮ ಮನಿ ದಾರಿ ಕತ್ತಲ ಐತ್ರಿ. ತಡ ಆದ್ರ ಮತ್ತ ಮಗನಿಗೇ ಫೋನ್ ಮಾಡ್ತೀನಿ" ಎಂದರು. ಬಸ್ಸಿನ ವೇಗವನ್ನೂ ತಂಪು ಗಾಳಿಯನ್ನೂ ಹೊಗಳುವ ನಾವು ಆ ಕತ್ತಲ ಹಾದಿಯನ್ನು ಗಣನೆಗೆ ತಂದುಕೊಂಡೇ ಇಲ್ಲ. ಅಲ್ಲಿ ನಾಲ್ಕು ದೀಪಗಳು ಬೆಳಗಿದರೆ ಒಂದು ಬೈಕು ಮನೆಯಲ್ಲಿಯೇ ಉಳಿದೀತು.

ಉಣಕಲ್ ಕೆರೆಯ ನೀರು ಸಂಜೆಯ ಬಿಸಿಲಿಗೆ ಹೊಳೆಯುತ್ತಿತ್ತು. ಕಾರಿನಲ್ಲಿ ಎಷ್ಟೋ ಸಲ ಅದೇ ಕೆರೆಯನ್ನು ದಾಟಿದ್ದೆ, ಕಣ್ತುಂಬ ನೋಡಿರಲಿಲ್ಲ.

ರಾತ್ರಿ ಗೃಹಸ್ಥರ ಫೋನ್ ಬಂತು. "ತ್ರಾಸ ಆಗಲಿಲ್ಲಲ್ರೀ?" ಕುಳಿತುಕೊಳ್ಳಲು ಸ್ಥಳ ಸಿಕ್ಕಿತೆಂದೆ. ತುಸು ಹೊತ್ತು ಸುಮ್ಮನಿದ್ದು, "ಮುಂದಿನ ಸಲ ನಾನೂ ನಿಮ್ಮ ಜೋಡಿ ಬರ್ತೀನ್ರಿ. ಆದ್ರ ನಿಲ್ದಾಣದ ತನಕ ಕಾರ್ ಇರ್ಲಿ" ಎಂದರು.