ಸೀಟು, ಸಂಬಳ ಮತ್ತು ನಮ್ಮ ಮಕ್ಕಳು

ಸಿಇಟಿ ರ‍್ಯಾಂಕ್ ಬಂತೆಂದರೆ ನಮ್ಮ ಮಂಡ್ಯ ಜಿಲ್ಲೆಯ ಯಲಿಯೂರಿನ ಕಡೆ ನಾಲೆ ನೀರಿನ ಮಾತು ಕೂಡ ಹಿಂದೆ ಸರಿಯುತ್ತದೆ. ‘ಏನಣ್ಣ, ಮಗೀಗೆ ಯಾವ ಬ್ರಾಂಚು?’ ಎಂದು ಒಬ್ಬರು ಕೇಳಿದರೆ, ‘ಕಂಪ್ಯೂಟರ್ ಸೈನ್ಸ್ ಸಿಕ್ರೆ ಯಾವ್ ಕಾಲೇಜಾದ್ರೂ ಸರಿ ಕಣಪ್ಪ, ಒಳ್ಳೆ ಸಂಬಳ ಬತ್ತದಂತೆ’ ಎಂದು ಇನ್ನೊಬ್ಬರ ಉತ್ತರ. ಇದನ್ನು ದುಡ್ಡಿನಾಸೆ ಎನ್ನುವವರನ್ನು ಕಂಡರೆ ನನಗೆ ಬೇಸರ. ಕಬ್ಬು ಸಾಗಿಸಿ ಬಾಕಿ ಹಣಕ್ಕೆ ಕಾಯುವ ಮನೆಗೆ ಮಗಳ ಸಂಬಳವೆಂದರೆ ಬದುಕಿನ ಪ್ರಶ್ನೆ.

ಕಾಲೇಜುಗಳಿಗೇನೂ ನಮ್ಮಲ್ಲಿ ಬರವಿಲ್ಲ. ‘ನಿತ್ಯ ಸಚಿವ’ ಕೆ.ವಿ. ಶಂಕರಗೌಡರ ಶ್ರಮದಿಂದ 1962ರಲ್ಲೇ ಮಂಡ್ಯಕ್ಕೆ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಬಂತು. ಮದ್ದೂರು ತಾಲ್ಲೂಕಿನ ಭಾರತೀನಗರದಲ್ಲಿ ಜಿ. ಮಾದೇಗೌಡರು ವಿದ್ಯಾಸಂಸ್ಥೆ ಬೆಳೆಸಿದರು. ವಿ.ಸಿ. ಫಾರಂನಲ್ಲಿ ಕೃಷಿ ಕಾಲೇಜಿದೆ. ಯಲಿಯೂರಿನ ಸ್ಟೇಷನ್ನು ಬೆಂಗಳೂರು–ಮೈಸೂರು ಮಾರ್ಗದಲ್ಲೇ ಇರುವುದರಿಂದ ರೈಲು ಪಾಸಿನಲ್ಲಿ ಓದು ಮುಗಿಸಲು ಸಾಧ್ಯ. ಹಾಸ್ಟೆಲಿಗೆ ಕಟ್ಟದೆ ಉಳಿದ ದುಡ್ಡೂ ಗಳಿಕೆಯೇ ಅಲ್ಲವೇ?

ಇನ್ನು ಬ್ರಾಂಚಿನ ಮಾತು. ಬ್ರಿಟನ್ನಿನಲ್ಲಿ ಪದವೀಧರರ ತೆರಿಗೆ ದಾಖಲೆಗಳನ್ನೇ ಹಿಡಿದು ಲೆಕ್ಕ ಹಾಕಿದ್ದಾರೆ. ವೈದ್ಯಕೀಯ, ಅರ್ಥಶಾಸ್ತ್ರ, ಕಾನೂನು ಓದಿದವರ ಗಳಿಕೆ ಮೇಲಿದೆ, ಲಲಿತಕಲೆ ಓದಿದವರದು ಕೆಳಗಿದೆ. ಐವರಲ್ಲಿ ಒಬ್ಬರಿಗೆ ಪದವಿಯಿಂದ ಹಣದ ಲಾಭವೇ ಆಗುವುದಿಲ್ಲವೆಂದು 2020ರ ವರದಿ ಹೇಳಿತು. ಓದುವ ವಿಷಯಕ್ಕೆ ತೂಕವಿದೆ ಎಂದಾಯಿತು. ಆದರೆ ಎಂಜಿನಿಯರಿಂಗ್ ಒಳಗಿನ ಬ್ರಾಂಚಿಗೆ ಅಷ್ಟೇ ತೂಕವೇ? ನಮ್ಮ ದೊಡ್ಡ ಐಟಿ ಕಂಪನಿಗಳು ಕ್ಯಾಂಪಸ್ಸಿಗೆ ಬಂದಾಗ ಮೆಕ್ಯಾನಿಕಲ್, ಸಿವಿಲ್ ಓದಿದವರನ್ನೂ ಕಂಪ್ಯೂಟರ್ ಸೈನ್ಸಿನವರ ಜೊತೆಯಲ್ಲೇ, ಅದೇ ಸಂಬಳಕ್ಕೆ ಆರಿಸಿಕೊಂಡದ್ದುಂಟು. ಆ ಆರಂಭದ ಸಂಬಳ ಹತ್ತು ವರ್ಷಕ್ಕೂ ಮೀರಿ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಅಷ್ಟಕ್ಕಾಗಿ ಗದ್ದೆ ಅಡವಿಟ್ಟು ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಕಾಲೇಜಿನ ಹೆಸರು? ಅಮೆರಿಕದ ಸಂಶೋಧಕರಾದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಇದನ್ನೇ ಕೆದಕಿದರು. ಹೆಸರಾಂತ ಕಾಲೇಜಿನಲ್ಲಿ ಸೀಟು ಸಿಕ್ಕಿಯೂ ಸಾಧಾರಣ ಕಾಲೇಜಿಗೆ ಹೋದವರ ಗಳಿಕೆಯನ್ನು, ಹೆಸರಾಂತ ಕಾಲೇಜಿಗೇ ಹೋದವರ ಗಳಿಕೆಗೆ ಹೋಲಿಸಿದರು. ಹೆಚ್ಚಿನವರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಬುದ್ಧಿಯೂ ಛಲವೂ ಇದ್ದವರು ಎಲ್ಲಿ ಓದಿದರೂ ದುಡಿದರು. ಬಡ ಮನೆಯ ಮಕ್ಕಳಲ್ಲಿ ಮಾತ್ರ ವ್ಯತ್ಯಾಸ ಕಂಡಿತು. ಮುಂದಿನ ಅಧ್ಯಯನದಲ್ಲಿ ಹೆತ್ತವರು ಹೆಚ್ಚು ಓದಿರದ ಮಕ್ಕಳ ವಿಷಯದಲ್ಲೂ ಇದೇ ಮಾತು ಬಂತು. ಒಳ್ಳೆಯ ಕಾಲೇಜು ಅವರ ಗಳಿಕೆಯನ್ನು ನಿಜವಾಗಿಯೂ ಏರಿಸಿತ್ತು.

ನನಗೆ ಇದರಲ್ಲಿ ನಮ್ಮ ತಾಲ್ಲೂಕುಗಳೇ ಕಾಣುತ್ತವೆ. ಬೆಂಗಳೂರಿನ ಅಧಿಕಾರಿಯ ಮಗನಿಗೆ ಕಂಪನಿಯಲ್ಲಿ ಮಾವನೋ ಚಿಕ್ಕಪ್ಪನೋ ಇರುತ್ತಾರೆ. ಮಳವಳ್ಳಿಯ ಹಳ್ಳಿಯ ಹುಡುಗಿಗೆ ದಾರಿ ತೋರಿಸುವವರು ಅವಳ ಕಾಲೇಜಿನ ಸೀನಿಯರ್‌ಗಳೇ. ಹೆಸರಿನ ಕಾಲೇಜು ಉಳ್ಳವರ ಮಕ್ಕಳಿಗಿಂತ ನಮ್ಮ ಮಕ್ಕಳಿಗೇ ಹೆಚ್ಚು ಬೇಕು. ಅದು ದುಡ್ಡು ಸುರಿದು ಕೊಂಡ ಸೀಟಾಗಿರದೆ ರ‍್ಯಾಂಕಿಗೆ ದಕ್ಕಿದ ಸೀಟಾಗಿರಬೇಕು, ಅಷ್ಟೇ.

ಆದರೆ ಆಪ್ಷನ್ ಎಂಟ್ರಿಗೆ ಕೂತಾಗ ನಮ್ಮವರು ಹಿಂಜರಿಯುತ್ತಾರೆ. ‘ಅಂತಾ ಕಾಲೇಜು ನಮಗೆಲ್ಲಿ ಸಿಕ್ಕಾದು’ ಎಂದು ಅದರ ಹೆಸರನ್ನೇ ಬರೆಯುವುದಿಲ್ಲ. ಪರೀಕ್ಷಾ ಪ್ರಾಧಿಕಾರ ನೀವು ಬರೆದ ಕ್ರಮದಲ್ಲೇ ಮೇಲಿನಿಂದ ನೋಡುತ್ತಾ ಬಂದು, ನಿಮ್ಮ ರ‍್ಯಾಂಕಿಗೆ ಸಿಗುವ ಮೊದಲ ಸೀಟು ಕೊಡುತ್ತದೆ. ದೊಡ್ಡ ಕಾಲೇಜನ್ನು ಮೇಲೆ ಬರೆದರೆ ಕೆಳಗಿನದು ಕೈತಪ್ಪುವುದಿಲ್ಲ.

ಆದ್ದರಿಂದ ಅಪ್ಪಂದಿರೇ, ಅಮ್ಮಂದಿರೇ, ಪ್ಯಾಕೇಜಿನ ಫ್ಲೆಕ್ಸುಗಳನ್ನು ನಂಬಬೇಡಿ. ಆ ಕಾಲೇಜಿನಲ್ಲಿ ಹತ್ತು ವರ್ಷದ ಹಿಂದೆ ಓದಿದವರು ಈಗ ಎಲ್ಲಿದ್ದಾರೆ ಎಂದು ವಿಚಾರಿಸಿ. ಮಗುವಿಗೆ ಒಲಿಯುವ ವಿಷಯ ಆರಿಸಿ. ಮನಸ್ಸಿನಲ್ಲಿರುವ ಅತಿ ಒಳ್ಳೆಯ ಕಾಲೇಜನ್ನು ಪಟ್ಟಿಯ ಮೊದಲ ಸಾಲಿನಲ್ಲೇ ಧೈರ್ಯವಾಗಿ ಬರೆಸಿ.