ಎದ್ದು ಕುಣಿ, ಕೂತು ಓದು

"ಕೂತ್ಕೊಂಡು ಓದೋ!" ಹಾಸನದಲ್ಲಿ ಅಪ್ಪ ನನಗೆ ಹೇಳಿದ್ದನ್ನೇ ಅಮೆರಿಕದಲ್ಲಿ ನಾನು ಮಗನಿಗೆ ಹೇಳುತ್ತಿದ್ದೆ. ರೋಗಿಗಳಿಗೆಲ್ಲ ದಿನವೂ ನಡೆಯಿರಿ ಎನ್ನುವ ಡಾಕ್ಟರು, ಮನೆಯಲ್ಲಿ ಮಗನನ್ನು ಕುರ್ಚಿಗೆ ಕಟ್ಟಿಹಾಕಿದ್ದೆ! 2009ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹಿಲ್‌ಮನ್ ತಂಡದ ಅಧ್ಯಯನ ಕಣ್ಣಿಗೆ ಬಿತ್ತು: 20 ನಿಮಿಷ ಟ್ರೆಡ್‌ಮಿಲ್ ಮೇಲೆ ನಡೆದ ನಂತರ ಮಕ್ಕಳ ಏಕಾಗ್ರತೆ ಹೆಚ್ಚಿತ್ತು, ಓದಿದ್ದು ಇನ್ನೂ ಚೆನ್ನಾಗಿ ಅರ್ಥವಾಗಿತ್ತು.

ಹೊರಗೆ ಹಿಮ. ಬೇಸ್‌ಮೆಂಟಿನಲ್ಲಿ ವೀ ಟೆನಿಸ್ ಶುರುವಾಯಿತು. ಸೋಫಾದಲ್ಲಿ ಕೂತೇ ಮಣಿಕಟ್ಟು ತಿರುಗಿಸಿ ಗೆಲ್ಲುವುದನ್ನು ಮಗ ಎರಡೇ ದಿನದಲ್ಲಿ ಕಲಿತ! ಹಾಗಾಗಿ ನಿಯಮ ಮಾಡಿದೆ: ನಿಂತೇ ಆಡಬೇಕು, ಏದುಸಿರು ಬರಬೇಕು, ಆಮೇಲೆ ಹೋಮ್‌ವರ್ಕ್. ಓದಿನ ಜಗಳ ಕಡಿಮೆಯಾಯಿತು.

ಈಗ ದೂರದ ಊರಿನಿಂದ ಅವನೇ ಫೋನಿನಲ್ಲಿ ಕೇಳುತ್ತಾನೆ, "ಅಪ್ಪ, ಇವತ್ತು ವಾಕ್ ಮಾಡಿದ್ಯಾ?" ನಾನು ಮೆಲ್ಲಗೆ ಕುರ್ಚಿಯಿಂದ ಏಳುತ್ತೇನೆ.